ಬೆಳಗಿನ ಬಸ್ಸಿನ ಭಾಗ್ಯಾ ಮತ್ತು ಬಿಳಿ ಸೀರೆ

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಇನ್ನೂ ಕತ್ತಲಿದೆ. ಚಹಾದ ಅಂಗಡಿಯವನು ಈಗಷ್ಟೇ ಒಲೆ ಹಚ್ಚಿದ್ದಾನೆ. ಖಾಕಿ ಅಂಗಿಯ ಮೇಲೆ ಸ್ವೆಟರ್ ತೊಟ್ಟ ಹೆಣ್ಣುಮಗಳೊಬ್ಬರು ಟಿಕೆಟ್ ಮಷಿನ್ನನ್ನು ಕೊರಳಿಗೆ ಹಾಕಿಕೊಂಡೇ ನಿಲ್ದಾಣದ ಸುತ್ತ ಬಿರಬಿರನೆ ನಡೆಯುತ್ತಿದ್ದಾರೆ. ಮಲಗಿದ್ದ ನಾಯಿಗಳು ತಲೆಯೆತ್ತಿ ನೋಡಿ ಮತ್ತೆ ಮಲಗುತ್ತವೆ. ಸವದತ್ತಿಯ ಮೊದಲ ಗಾಡಿ ಹೊರಡುವುದಕ್ಕೆ ಇನ್ನೂ ಹೊತ್ತಿದೆ. ಚಾಲಕ ವೀರಪ್ಪ ಕಿಟಕಿಯಿಂದ ತಲೆ ಹೊರಹಾಕುತ್ತಾರೆ.

“ಭಾಗ್ಯವ್ವಾ, ಹಿಂಗ ನಡದ್ರ ನಮಗಿಂತ ಮೊದಲ ನೀ ಸವದತ್ತಿ ಮುಟ್ಟತಿ. ನಾ ಖಾಲಿ ಗಾಡಿ ತರತೇನಿ.”

“ನಿಮ್ಮ ಇಂಜಿನ್ ನೀವು ನೋಡ್ಕೋರಿ ಕಾಕಾ. ನನ್ನ ಇಂಜಿನ್ ನಾ ನೋಡ್ಕೋತೇನಿ.”

ಇವರು ಭಾಗ್ಯಾ ಮೇತ್ರಿ. ವಯಸ್ಸು ಇಪ್ಪತ್ತೊಂಬತ್ತು. ಆರು ವರ್ಷಗಳಿಂದ ಕಂಡಕ್ಟರ್. ಬರುವ ತಿಂಗಳು ಮದುವೆ. ಅಷ್ಟರೊಳಗೆ ಮೈ ಇಳಿಯಬೇಕು. ಯಾಕೆ ಇಳಿಯಬೇಕು ಎಂಬುದು ಈ ದಾರಿಯ ಪ್ರತಿ ಊರಿನ ಹೆಂಗಸರಿಗೂ ಗೊತ್ತು. ಬಸ್ಸಿನಲ್ಲಿ ಗುಟ್ಟು ಉಳಿಯುವುದಿಲ್ಲ.

ಮುರಗೋಡದಲ್ಲಿ ಸೊಪ್ಪಿನ ಚೀಲ ಹೊತ್ತ ಚನ್ನವ್ವ ಹತ್ತುತ್ತಾರೆ. ಸವದತ್ತಿ ಸಂತೆಗೆ ಹೊರಟವರು. ಕೂರುವ ಮೊದಲೇ ಕಂಡಕ್ಟರನ್ನು ಮೇಲಿಂದ ಕೆಳಗೆ ನೋಡುತ್ತಾರೆ.

“ಏನವಾ, ಇಳದಿಯೇನ?”

“ನೀವ ಹೇಳ್ರಿ ಅತ್ತೀ.”

ಚನ್ನವ್ವ ಗಲ್ಲ ಹಿಡಿದು ಮುಖ ನೋಡುತ್ತಾರೆ. “ಮಾರಿ ಇಳದೈತಿ. ಮಾರಿ ಇಳದ್ರ ಏನ್ ಬಂತು, ಮಾರಿಗೆ ಸೀರಿ ಉಡಸ್ತಾರೇನ?”

ಇಡೀ ಬಸ್ಸು ನಗುತ್ತದೆ. ಭಾಗ್ಯಾ ಟಿಕೆಟ್ ಹರಿದು ಕೊಡುತ್ತಾರೆ. “ತಗೋರಿ. ಪುಕಟ ಟಿಕೇಟು, ಪುಕಟ ಮಾತು.” ಚನ್ನವ್ವ ಸೆರಗಿನ ಗಂಟು ಬಿಚ್ಚಿ ಶೇಂಗಾ ಹೋಳಿಗೆ ಮುಂದೆ ಹಿಡಿಯುತ್ತಾರೆ. ಭಾಗ್ಯಾ ಅದನ್ನು ನೋಡುತ್ತಾರೆ, ಎಂಜಲು ನುಂಗುತ್ತಾರೆ, ಸೀಟಿ ಊದುತ್ತಾರೆ. “ಮದುವಿ ಮರುದಿನ ತಂದು ಕೊಡ್ರಿ.”

ಭಾಗ್ಯಾ ಮೊದಲಿಂದ ದಪ್ಪ ಇದ್ದವರಲ್ಲ. ಕೆಲಸಕ್ಕೆ ಸೇರಿದಾಗಿನ ಫೋಟೋದಲ್ಲಿ ಅಂಗಿ ಹೆಗಲಿನಿಂದ ಜೋತುಬಿದ್ದಿದೆ. ಮೈ ಬಂದದ್ದು ಈ ಕೆಲಸದಲ್ಲೇ. ಊಟ ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ. ಅಲ್ಲಿಯವರೆಗೆ ನಿಲ್ದಾಣದ ಮಿರ್ಚಿ ಭಜಿ, ಸಕ್ಕರೆ ಸುರಿದ ಚಹಾ. ನೀರು ಮಾತ್ರ ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗ ಬೇಕು, ಜಾಗವಿದ್ದರೂ ತುಂಬಿದ ಗಾಡಿ ನಿಲ್ಲಿಸಿ ಹೋಗಿ ಬರುತ್ತೇನೆ ಎನ್ನಲು ಬಾಯಿ ಬೇಕು. “ಗಂಡಸರು ಗಿಡದ ಮರಿಗೆ ಹೋಗಿ ಬರತಾರ. ನಾವು ತುಟಿ ಒಣಗಿಸ್ಕೊಂಡು ಕುಂದರತೇವಿ. ಹಸಿವಾದ್ರೂ ಚಹಾ, ನೀರಡಿಕಿ ಆದ್ರೂ ಚಹಾ,” ಎನ್ನುತ್ತಾರೆ.

ವರ ಸಂದೀಪ ರಾಮದುರ್ಗದವರು, ಎಲೆಕ್ಟ್ರಿಷಿಯನ್. ಎರಡೂ ಮನೆಯವರು ಬೌದ್ಧರು. ಮದುವೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋದ ಮುಂದೆ. ಅಂಥ ಮದುವೆಯಲ್ಲಿ ವಧು ಬಿಳಿ ಉಡುತ್ತಾಳೆ. ಹಾಗಂತ ಎಲ್ಲರೂ ಹೇಳುತ್ತಾರೆ, ಎಲ್ಲರೂ ಉಡಿಸುವುದಿಲ್ಲ. ಭಾಗ್ಯಾರ ಅಕ್ಕನ ಮದುವೆಯಲ್ಲಿ ಬೀಗರು, ನೋಡಿದ ಜನ ಏನಂದಾರು ಎಂದು ಹಸಿರು ಸೀರೆ ಉಡಿಸಿದರು. ತಂದೆ ಸತ್ಯಪ್ಪ ಸುಮ್ಮನೆ ನಿಂತರು. ಆ ದಿನವೇ ಭಾಗ್ಯಾ ತೀರ್ಮಾನಿಸಿದ್ದರು, ತನ್ನ ಸಲ ಹೀಗಾಗಬಾರದು.

ಮದುವೆಯ ಜವಳಿ ತರಲು ಎರಡೂ ಮನೆಯವರು ಕೂಡಿ ಅಂಗಡಿಗೆ ಹೋಗುವುದಕ್ಕೆ ಈ ಕಡೆ ಬಸ್ತಾ ಎನ್ನುತ್ತಾರೆ. ವಧುವಿನ ಸೀರೆ ವರನ ಕಡೆಯವರದು. ಎಲ್ಲರೂ ಗಾದಿಯ ಮೇಲೆ ಕೂತು, ಚಹಾ ಕುಡಿದು, ವಧುವನ್ನು ಬಿಟ್ಟು ಉಳಿದವರೆಲ್ಲ ಮಾತಾಡುತ್ತಾರೆ. ರಾಮದುರ್ಗದ ಅಂಗಡಿಯಲ್ಲೂ ಹಾಗೇ ಆಯಿತು. ಬಿಳಿ ಸೀರೆ ಎಂದೊಡನೆ ಅಂಗಡಿಯ ಶಂಕರೆಪ್ಪ ಕೈ ತಡೆದರು. “ಮದುವಿಗೇನ್ರಿ?” ಕೆಳಗಿನ ಕಪಾಟಿನಿಂದ ಮುದುಕಿಯರು ಉಡುವಂಥವು ಬಂದವು. ಭಾಗ್ಯಾ ಒಂದೊಂದೇ ಆಚೆ ಸರಿಸಿದರು. ಕೊನೆಗೆ ಸಣ್ಣ ಜರಿ ಅಂಚಿನ ರೇಷ್ಮೆ ಬಂತು. ಅದನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು.

ಅತ್ತೆಯಾಗಲಿರುವ ಶೆಟ್ಟೆವ್ವ ಮುಚ್ಚಿಟ್ಟು ಮಾತಾಡುವವರಲ್ಲ. “ಸೀರಿ ಛಲೋ ಐತಿ. ಹುಡುಗಿ ಮೈ ಭಾಳ ಐತಿ. ಬಿಳಿಯೊಳಗ ಇನ್ನೂ ಎದ್ದು ಕಾಣತೈತಿ. ಮೆರೂನ್ ತಗೊಳ್ಳೂಣು, ದಪ್ಪ ಮುಚ್ಚತೈತಿ.”

ಸಂದೀಪ ಮೊಬೈಲಿನಲ್ಲಿ ತಲೆ ಇಟ್ಟಿದ್ದರು. ಸತ್ಯಪ್ಪ ಚಹಾದ ಕಪ್ಪು ನೋಡುತ್ತಿದ್ದರು.

“ಅತ್ತಿಯಾರ, ಸೀರಿ ಬಿಳೀದ ಇರಲಿ,” ಎಂದರು ಭಾಗ್ಯಾ. “ಮೈ ನಂದು. ಅದನ್ನ ನಾ ನೋಡ್ಕೋತೇನಿ.”

“ನೋಡ್ಕೋ ಮತ್ತ. ಮದುವಿ ಹೊತ್ತಿಗೆ ಹಳೇ ಅಳತಿ ಜಂಪರ ಮೈಗೆ ಬರಲಿಲ್ಲಂದ್ರ ಮೆರೂನ್ ಉಡತಿ. ಒಪ್ಪಿಗಿ?”

“ಒಪ್ಪಿಗಿ.”

ಶಂಕರೆಪ್ಪ ಎರಡೂ ಸೀರೆ ಕಟ್ಟಿಕೊಟ್ಟರು.

ಇಲ್ಲಿ ಜಂಪರ, ಅಂದರೆ ರವಿಕೆ, ಹೊಲಿಸುವ ರೀತಿ ಬೇರೆ. ಟೇಪು ಹಿಡಿದು ಅಳೆಯುವುದು ಕಡಿಮೆ. ಮೈಗೆ ಸರಿಯಾಗಿ ಕೂರುವ ಹಳೆಯದೊಂದು ಜಂಪರ ತಂದುಕೊಡಬೇಕು, ಅದೇ ಅಳತೆ. ಭಾಗ್ಯಾ ಬೈಲಹೊಂಗಲದ ಟೇಲರ್ ದುರ್ಗಾ ಅವರಿಗೆ ಕೊಟ್ಟದ್ದು ಕೆಲಸಕ್ಕೆ ಸೇರಿದ ವರ್ಷದ ಜಂಪರ. ದುರ್ಗಾ ಅದನ್ನು ಬಿಡಿಸಿ ಹಿಡಿದು ಭಾಗ್ಯಾರನ್ನು ನೋಡಿದರು.

“ಅಕ್ಕಾ, ಇದು ನಿಂದ?”

“ನಂದ.”

“ಯಾವಾಗಿಂದು?”

“ಆವಾಗಿಂದು. ನೀ ಕತ್ತರಿ ಹಿಡಿ.”

“ಸೀರಿ ಕೂಡ ಬಂದ ಜಂಪರದ ಅರಿವಿ ಇಷ್ಟ ಐತಿ. ಸಣ್ಣದು ಕತ್ತರಿಸಿದ್ರ ಆಮ್ಯಾಲೆ ದೊಡ್ಡದು ಮಾಡಾಕ ಬರೂದಿಲ್ಲ.”

“ದೊಡ್ಡದು ಮಾಡಾಕ ಬಂದ್ರ ನಾ ಇಳಿಯೂದಿಲ್ಲ,” ಎಂದರು ಭಾಗ್ಯಾ. ಇದು ಜಾಣತನವೋ ಹುಂಬತನವೋ ದುರ್ಗಾ ಅವರಿಗೆ ಈಗಲೂ ಗೊತ್ತಿಲ್ಲ. ಕತ್ತರಿಸಿದ್ದಂತೂ ಹೌದು.

ಮೊದಲ ವಾರ ಭಾಗ್ಯಾ ತಪ್ಪು ದಾರಿ ಹಿಡಿದರು, ಉಪವಾಸ ಬಿದ್ದರು. ಚಚಡಿ ಕ್ರಾಸಿನಲ್ಲಿ ಕಣ್ಣು ಕತ್ತಲಿಟ್ಟು ಪ್ರಯಾಣಿಕರ ಮೇಲೆ ಒರಗಿದರು. ವೀರಪ್ಪ ಗಾಡಿ ಬದಿಗೆ ಹಾಕಿದರು. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಹಾರ್ನ್ ಹೊಡೆಯಿತು. ಚನ್ನವ್ವ ತಮ್ಮ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ತಿನ್ನಿಸಿದರು. ತಿನ್ನಿಸುವಾಗ ಬೈದರು: “ಹಿಂಗ ಬೀಳೂದಾದ್ರ ಆ ಮೆರೂನ ಉಡು. ಯಾವ್ ಸೀರಿ ಆದ್ರೂ ನಿಂತು ಉಡಬೇಕು, ಮಲಗಿ ಅಲ್ಲ.”

ಅಂದಿನಿಂದ ರೀತಿ ಬದಲಾಯಿತು. ಬೆಳಗ್ಗೆ ಗಾಡಿ ಬಿಡುವ ಮೊದಲು ನಡಿಗೆ. ಹೊತ್ತಿಗೆ ಸರಿಯಾಗಿ ರೊಟ್ಟಿ, ಕಾಳಿನ ಪಲ್ಯ, ಮಜ್ಜಿಗೆ. ಭಜಿ ಬಂದ್, ಸಕ್ಕರೆ ಬಂದ್. ಬಾಟಲಿ ತುಂಬ ನೀರು. ಹೋಗಬೇಕಾದಾಗ ಈಗ ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಾರೆ: “ಕಾಕಾ, ಐದು ನಿಮಿಷ ತಡೀರಿ, ಹೋಗಿ ಬರತೇನಿ.” ಮೊದಮೊದಲು ಗಂಡಸರು ಗೊಣಗಿದರು. ಈಗ ಭಾಗ್ಯಾರ ಹಿಂದೆ ಇನ್ನೂ ನಾಲ್ಕು ಹೆಂಗಸರು ಇಳಿಯುತ್ತಾರೆ. ಅವರೂ ಇಷ್ಟು ವರ್ಷ ತಡೆದುಕೊಂಡೇ ಕೂತಿದ್ದವರು.

ಮೈ ಒಂದಿಷ್ಟು ಇಳಿಯಿತು, ಆಮೇಲೆ ಅಲ್ಲೇ ನಿಂತಿತು. ಭಾಗ್ಯಾ ನಡಿಗೆ ಬಿಡಲಿಲ್ಲ. ಎರಡು ವಾರದ ನಂತರ ಮತ್ತೆ ಇಳಿಯತೊಡಗಿತು.

ಈ ರವಿವಾರ ರಜೆ. ದುರ್ಗಾ ಅವರ ಅಂಗಡಿಯ ಪರದೆಯ ಹಿಂದೆ ಭಾಗ್ಯಾ ಜಂಪರ ತೊಡುತ್ತಿದ್ದಾರೆ. ಬಲಗೈ ಹೋಗುತ್ತದೆ. ಎಡಗೈ ಹೋಗುವುದಿಲ್ಲ. ತೋಳು ಮೊಣಕೈ ದಾಟಿ ಅರ್ಧಕ್ಕೆ ಸಿಕ್ಕಿಬೀಳುತ್ತದೆ. ಎಳೆದರೆ ಹೊಲಿಗೆ ಚಿರ್ ಎನ್ನುತ್ತದೆ. ದುರ್ಗಾ ಆ ತೋಳಿನ ಹೊಲಿಗೆ ಬಿಚ್ಚಿ ತೆಗೆದು ಮೊದಲು ಮೈ ನೋಡುತ್ತಾರೆ. ಹುಕ್ಕುಗಳು ಒಂದೂ ಬಿಡದೆ ಕೂರುತ್ತವೆ. ಸೊಂಟದ ಕಡೆ ಬೆರಳು ಹೋಗುವಷ್ಟು ಸಡಿಲ.

“ಮೈ ಇಳದೈತಿ ಅಕ್ಕಾ. ಈ ಕೈಗೇನಾಗೈತಿ?”

ಭಾಗ್ಯಾ ಎಡಗೈ ಮಡಚಿ ಹಿಸುಕಿ ನೋಡುತ್ತಾರೆ. ಕಲ್ಲಿನಂತೆ ಗಟ್ಟಿ. ಬಲಗೈಯಲ್ಲಿ ಮಷಿನ್ ಒತ್ತಬೇಕು. ಓಡುವ ಗಾಡಿಯಲ್ಲಿ ಇಡೀ ಮೈಯನ್ನು ಹಿಡಿದು ನಿಲ್ಲಿಸುವುದು ಎಡಗೈ, ಮೇಲಿನ ರಾಡಿಗೆ ಜೋತು. ತುಂಬಿದ ಬಸ್ಸು, ತಗ್ಗಿನ ರಸ್ತೆ, ಆರು ವರ್ಷ.

“ಇದು ಇಳಿಯೂದಿಲ್ಲ,” ಎನ್ನುತ್ತಾರೆ. “ಇದು ತಿಂದು ಬಂದದ್ದಲ್ಲ.”

ತೋಳಿಗೆ ಬಿಡಿಸಲು ಒಳಗೆ ಬಟ್ಟೆ ಉಳಿದಿಲ್ಲ. ಇರುವುದು ಒಂದೇ ದಾರಿ. ಸೊಂಟಕ್ಕೆ ಮೊದಲು ಸಿಗಿಸುವ, ಯಾರಿಗೂ ಕಾಣದ ಸೀರೆಯ ತುದಿಯಿಂದ ಕತ್ತರಿಸಿ ತೋಳು ಮಾಡಬೇಕು. ಸೀರೆ ತಂದವರು ಬೀಗರು. ಕೇಳದೆ ಕತ್ತರಿ ಹಾಕುವಂತಿಲ್ಲ. ಭಾಗ್ಯಾ ಶೆಟ್ಟೆವ್ವ ಅವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ.

“ಸೀರಿ ಗಿಡ್ಡ ಆಗತೈತಿ,” ಎಂದು ಆ ಕಡೆಯಿಂದ ದನಿ. “ನೆರಿಗಿ ಕಡಿಮಿ ಬೀಳತಾವ.”

“ಬೀಳೂದಿಲ್ರಿ ಅತ್ತಿಯಾರ. ನಡ ಸಣ್ಣ ಆಗೈತಿ. ಎರಡು ಸುತ್ತಿಗೆ ಒಂದು ಗೇಣು ಅರಿವಿ ಉಳಿತೈತಿ. ಆ ಗೇಣು ತೋಳಿಗೆ ಹಾಕತೇವಿ.”

“ಖರೇನ ಇಳದಿಯೇನ?”

“ದುರ್ಗಾ ಇಲ್ಲೇ ಅದಾಳ, ಕೇಳ್ರಿ.”

“ಆಕಿನ್ನೇನ ಕೇಳೂದು. ಕತ್ತರಸ್ರಿ. ಮೆರೂನ್ ನಾ ಉಡತೇನಿ. ನನಗೂ ಮುಚ್ಚೂದು ಭಾಳ ಐತಿ.”

ದುರ್ಗಾ ಕತ್ತರಿ ಎತ್ತಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಹೊಸ ತೋಳು ಕೂರುತ್ತದೆ, ಬಲಗಡೆಯದಕ್ಕಿಂತ ಒಂದಿಷ್ಟು ಅಗಲ. ಕಣ್ಣಿಟ್ಟು ನೋಡಿದವರಿಗೆ ಕಾಣುತ್ತದೆ. ಭಾಗ್ಯಾ ಕನ್ನಡಿಯ ಮುಂದೆ ನಿಂತು ಎರಡೂ ಕೈ ಮೇಲೆತ್ತುತ್ತಾರೆ, ಇಳಿಸುತ್ತಾರೆ, ಮತ್ತೆ ಎತ್ತುತ್ತಾರೆ. ಇನ್ನೇನಾದರೂ ಸರಿಮಾಡಬೇಕೇ ಎಂದು ದುರ್ಗಾ ಕೇಳುತ್ತಾರೆ.

“ಸಂದೀಪ ನನಗಿಂತ ಎತ್ತರ ಅದಾನ,” ಎನ್ನುತ್ತಾರೆ ಭಾಗ್ಯಾ. “ಹಾರ ಹಾಕೂಮುಂದ ಕೈ ಪೂರ್ತಿ ಎತ್ತಬೇಕಾಗತೈತಿ. ಆವಾಗ ಹೊಲಿಗಿ ಬಿಚ್ಚಬಾರದು ನೋಡು. ಅಷ್ಟಾದ್ರ ಸಾಕು.”