ಎಟೆಲ್ಕಾ ಹಾಕಿದ ಕಚ್ಚು

ಅಚ್ಚಿನ ಬೆನ್ನಿಗೆ ಕಚ್ಚು ಹಾಕದೆ ಎಟೆಲ್ಕಾ ಒಂದು ದಿನವೂ ಪ್ಲಾಸ್ಟರ್ ಕೋಣೆಯಿಂದ ಎದ್ದವಳಲ್ಲ. ಓವಾರ್ ಪಟ್ಟಣದ ಹಲ್ಲಿನ ಡಾಕ್ಟರುಗಳು ಮೆತ್ತನೆಯ ಮುದ್ದೆಯಲ್ಲಿ ಒತ್ತಿ ತೆಗೆದು ಕಳಿಸುವ ಬಾಯಿಯ ಅಳತೆಗಳಿಗೆ ಪ್ಲಾಸ್ಟರ್ ಹೊಯ್ಯುವುದು, ಗಟ್ಟಿಯಾದ ಮೇಲೆ ಬಿಡಿಸುವುದು, ಅಚ್ಚಿನ ಪೀಠವನ್ನು ಚಕ್ರಕ್ಕೆ ಹಿಡಿದು ಸಮ ಮಾಡುವುದು ಮೂವತ್ತನಾಲ್ಕು ವರ್ಷಗಳಿಂದ ಅವಳ ಕೆಲಸ. ಕೊನೆಯಲ್ಲಿ ಆ ಕಚ್ಚು. ಕೆಲಸ ಕಲಿಸಿದ ಮುದುಕ ಫ್ಯೂಲಪ್ ಹೇಳಿಕೊಟ್ಟಿದ್ದ: ಅಂಗುಳಿನ ನಡುವೆ ಹೊಲಿಗೆಯಂಥ ಗೆರೆಯೊಂದಿದೆ, ಅದರ ಮೇಲೆ ಕಣ್ಣು ಓಡಿಸು, ಅದು ಪೀಠದ ಹಿಂಬದಿಗೆ ಮುಟ್ಟುವಲ್ಲಿ ಚಾಕುವಿನಿಂದ ಗೋಧಿಕಾಳಿನಷ್ಟು ಕೊರೆ. ಹಲ್ಲು ಅತ್ತಿತ್ತ ಸರಿದೀತು, ಆ ಗೆರೆ ಅಷ್ಟು ಸುಲಭಕ್ಕೆ ಸರಿಯದು. ಹಲ್ಲು ಕಟ್ಟುವ ಪಕ್ಕದ ಕೋಣೆಯವರು ಕಚ್ಚು ನೋಡಿಯೇ ಬಾಯಿಯ ನಡು ಯಾವುದೆಂದು ತಿಳಿಯುತ್ತಿದ್ದರು. ಇದನ್ನು ಯಾರೂ ಯಾವ ಕಾಗದದಲ್ಲೂ ಬರೆದಿಟ್ಟಿರಲಿಲ್ಲ.

ಆಮೇಲೆ ಡಾಕ್ಟರುಗಳು ಒಬ್ಬೊಬ್ಬರಾಗಿ ಬಾಯೊಳಗೇ ಇಟ್ಟು ಚಿತ್ರ ತೆಗೆಯುವ ಕ್ಯಾಮೆರಾ ಕೊಂಡರು. ಹೊಯ್ಯುವ ಅಳತೆಗಳು ಕಡಿಮೆಯಾದವು. ಯಜಮಾನ ದೆಜೋ, ಜ್ಯೋರ್ ಪಟ್ಟಣದಿಂದ ಎಮೆಶೆ ಎಂಬ ಎಂಜಿನಿಯರನ್ನು ಕರೆಸಿದ. ಅಟ್ಟದ ಮೇಲಿದ್ದ ಒಂಬೈನೂರು ಹಳೆಯ ಅಚ್ಚುಗಳನ್ನು ಅವಳು ಧೂಳು ಒರೆಸಿ, ಚಿತ್ರ ತೆಗೆದು ಕಂಪ್ಯೂಟರಿಗೆ ಏರಿಸಿದಳು. ಅದರೊಳಗೆ ತಾನು ಕಟ್ಟಿದ, ಉದಾಹರಣೆ ನೋಡಿ ನೋಡಿ ಕಲಿಯುವ ನರಜಾಲವೆಂಬ ಪ್ರೋಗ್ರಾಮಿಗೆ ಅವನ್ನೇ ಪಾಠ ಮಾಡಿದಳು. ಯಾವುದು ಯಾವ ಹಲ್ಲು, ಎಲ್ಲಿ ನಿಂತಿದೆ, ಎತ್ತ ವಾಲಿದೆ ಎಂದು ಅದು ಕಣ್ಣು ಮಿಟುಕಿಸುವುದರೊಳಗೆ ಅಂದಾಜು ಮಾಡುತ್ತಿತ್ತು. ಪಾಠಕ್ಕೆ ಸೇರಿಸದೆ ಪರೀಕ್ಷೆಗೆಂದು ತೆಗೆದಿಟ್ಟಿದ್ದ ಹಳೆಯ ಅಚ್ಚುಗಳಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ.

"ಮುಂದಿನ ತಿಂಗಳು ಪ್ಲಾಸ್ಟರ್ ಕೋಣೆ ಮುಚ್ತೀವಿ, ಚಿಕ್ಕಮ್ಮ," ಅಂದ ದೆಜೋ, ಅವಳ ಮುಖ ನೋಡದೆ. "ಇನ್ನೆಷ್ಟು ದಿನ ಈ ಬಿಳೀ ಧೂಳು ಕುಡೀತೀರಿ? ಮನೇಲಿ ಆರಾಮಾಗಿರಿ."

"ಯಾರ ಜೊತೆ ಆರಾಮಾಗಿರ್ಲಿ? ರೇಡಿಯೋ ಜೊತೆನಾ?"

ಗಂಡ ತೀರಿಹೋಗಿ ಎಂಟು ವರ್ಷವಾಗಿತ್ತು. ಅವಳಿಗೆ ಬೇಕಿದ್ದದ್ದು ಒಂದೇ: ಬೆಳಗ್ಗೆ ಎದ್ದು ಬಂದು ಕೂರಲು ಇಲ್ಲೊಂದು ಕುರ್ಚಿ. ಆದರೆ ಆರನೇ ತರಗತಿಗೇ ಶಾಲೆ ಬಿಟ್ಟವಳನ್ನು ಕಂಪ್ಯೂಟರ್ ಮುಂದೆ ಯಾರು ಕೂರಿಸಿಯಾರು?

ಅಷ್ಟರಲ್ಲಿ ಕ್ಯಾಮೆರಾದಿಂದ ನೇರವಾಗಿ ನರಜಾಲಕ್ಕೆ ಮೊದಲ ಬಾಯಿ ಬಂತು, ಅಂಚೆ ಹಂಚುವ ವಿಲ್ಲೋಳದು. ಚಿಕ್ಕಂದಿನಲ್ಲಿ ಹಿಮದ ಮೇಲೆ ಜಾರಿ ಬಿದ್ದು ಮುಂದಿನ ಹಲ್ಲೊಂದು ಹೋಗಿತ್ತು. ಆ ಜಾಗಕ್ಕೆ ಉಳಿದವು ತೆವಳಿ ಬಂದಿದ್ದವು. ನರಜಾಲ ಇಡೀ ಸಾಲನ್ನೇ ಒಂದು ಹಲ್ಲಿನಷ್ಟು ತಪ್ಪಿ ಎಣಿಸಿತು. ಬಾಚಿಹಲ್ಲನ್ನು ಕೋರೆಹಲ್ಲೆಂದಿತು. ವಿಲ್ಲೋಳಿಗೆ ಬೇಕಾದುದನ್ನು ಪಕ್ಕದ ಕೋಣೆಯವರು ಕೈಯಲ್ಲೇ ಮಾಡಿಕೊಟ್ಟರು. ಎಮೆಶೆ ಮಾತ್ರ ನಾಲ್ಕು ದಿನ ತಪ್ಪು ಹುಡುಕುತ್ತಲೇ ಇದ್ದಳು.

ಐದನೆಯ ದಿನ ಎಟೆಲ್ಕಾ ಚೀಸ್ ಹಾಕಿ ಸುಟ್ಟ ಪೊಗಾಚಾ ಬನ್ನುಗಳ ಡಬ್ಬಿ ಹಿಡಿದು ಬಂದಳು.

"ತಿನ್ನು ಮೊದ್ಲು. ಮುಖ ಒಣಗಿದ ಪ್ಲಾಸ್ಟರ್ ಥರ ಆಗಿದೆ."

"ಹಳೇ ಅಚ್ಚಿನಲ್ಲಿ ಇಂಥದೇ ಬಾಯಿಗಳನ್ನ ಸರಿಯಾಗಿ ಹೇಳುತ್ತೆ, ಚಿಕ್ಕಮ್ಮ. ಹಲ್ಲು ಹೋಗಿರೋದು, ಸರಿದಿರೋದು, ಎಲ್ಲಾನೂ. ಈ ಹೊಸದು ಬಂದ್ರೆ ಮಾತ್ರ ಮಂಕು ಹಿಡಿಯುತ್ತೆ."

ಎಟೆಲ್ಕಾ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಬಹಳ ಹೊತ್ತು ನೋಡಿದಳು.

"ಇದರ ಪೀಠ ಎಲ್ಲಿ?"

"ಪೀಠ ಇಲ್ಲ. ಬಾಯಿಂದ ನೇರ ಬಂದದ್ದಲ್ವಾ."

ಎಟೆಲ್ಕಾ ಅಟ್ಟ ಹತ್ತಿ, ಹಲ್ಲು ಸರಿದ ಒಂದು ಹಳೆಯ ಅಚ್ಚನ್ನು ತಂದಳು. ಕಚ್ಚು ಮುಚ್ಚಿಹೋಗುವಂತೆ ಗುಲಾಬಿ ಮೇಣ ಮೆತ್ತಿ ನಯವಾಗಿ ಒರೆಸಿದಳು. "ಈಗ ಕೇಳು ಅದನ್ನ."

ಎಮೆಶೆ ಅಚ್ಚನ್ನು ಮತ್ತೆ ಏರಿಸಿದಳು. ನರಜಾಲ ತಪ್ಪಿತು. ಎಟೆಲ್ಕಾ ಚಾಕು ತೆಗೆದು, ನಡುವಿನಿಂದ ಬೆರಳಗಲ ಎಡಕ್ಕೆ ಸುಳ್ಳು ಕಚ್ಚೊಂದು ಹಾಕಿಕೊಟ್ಟಳು. ಹಲ್ಲುಗಳ ಎಣಿಕೆಯೆಲ್ಲ ಅದರ ಹಿಂದೆಯೇ ಎಡಕ್ಕೆ ಹೋಯಿತು.

"ಅಯ್ಯೋ, ಚಿಕ್ಕಮ್ಮ! ಇದು ಬಾಯಿ ನೋಡೋದನ್ನ ಕಲಿತೇ ಇಲ್ಲ. ನಿಮ್ಮ ಚಾಕು ನೋಡೋದನ್ನ ಕಲಿತಿದೆ!" ಎಮೆಶೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸದ್ದು ಕೇಳಿ ಬಂದ ದೆಜೋ ಕೆಂಪಾದ. "ಎಂಥಾ ದಡ್ಡ ಯಂತ್ರ ತಂದುಕೊಟ್ಟೆ ಮಾರಾಯ್ತಿ!"

"ದಡ್ಡ ಅಲ್ಲ," ಅಂದಳು ಎಮೆಶೆ. "ನಾವು ತೋರ್ಸಿದ್ದರಲ್ಲಿ ಸುಲಭವಾದ್ದನ್ನ ಹಿಡ್ಕೊಂಡಿದೆ. ಅಚ್ಚುಗಳ ಚಿತ್ರದಿಂದ ಪೀಠ ಕತ್ತರಿಸಿ ಹಾಕ್ಬೇಕು. ಅಂಗುಳಿನ ಗೆರೆ, ಒಂದೊಂದು ಹಲ್ಲಿನ ತುದಿ, ಬುಡ, ಎಲ್ಲದಕ್ಕೂ ಗುರುತು ಹಾಕಿ ಮತ್ತೆ ಕಲಿಸ್ಬೇಕು."

"ಒಂಬೈನೂರು ಬಾಯಿಗೆ ಯಾರಮ್ಮ ಗುರುತು ಹಾಕ್ತಾರೆ?"

ಎಮೆಶೆ ಎಟೆಲ್ಕಾಳತ್ತ ತಿರುಗಿದಳು.

"ನನಗೆ ಅಕ್ಷರ ಅಷ್ಟಕ್ಕಷ್ಟೇ ಕಣೇ," ಅಂದಳು ಎಟೆಲ್ಕಾ.

"ಅಕ್ಷರ ಬೇಡ. ಎಲ್ಲಿ ಅಂತ ತೋರ್ಸಿದ್ರೆ ಸಾಕು."

ದೆಜೋ ತಲೆ ಕೆರೆದುಕೊಂಡ. "ಈಸ್ಟರ್‌ವರೆಗೆ ನೋಡ್ತೀನಿ. ಅಷ್ಟರಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಯಂತ್ರಾನೂ ಇಲ್ಲ, ನೀವೂ ಇಲ್ಲ."

ಚಳಿಗಾಲವಿಡೀ ಎಟೆಲ್ಕಾ ಗುರುತು ಹಾಕಿದಳು. ಮೊದಮೊದಲು ಮೌಸು ಹಿಡಿದ ಕೈ ಸೋಪಿನ ಮೇಲಿದ್ದಂತೆ ಜಾರುತ್ತಿತ್ತು. ದಿನಕ್ಕೆ ಮೂರು ಬಾಯಿ ಮುಗಿದರೆ ಹೆಚ್ಚು. ಜನವರಿಗೆ ಹದಿನೈದಾಯಿತು. ಅನುಮಾನ ಬಂದರೆ ಅಟ್ಟಕ್ಕೆ ಹೋಗಿ ಅಚ್ಚನ್ನೇ ತಂದು, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಗೆರೆ ಸವರಿ ನೋಡುತ್ತಿದ್ದಳು. ಹೀಗೆ ನೋಡುವಾಗ ತಾನೇ ಹಿಂದೆ ಓರೆಯಾಗಿ ಹಾಕಿದ್ದ ಹನ್ನೊಂದು ಕಚ್ಚುಗಳು ಸಿಕ್ಕವು. ಎಮೆಶೆಗೆ ಒಂದೊಂದನ್ನೂ ತೋರಿಸಿದಳು, ಒಂದನ್ನೂ ಮುಚ್ಚಿಡಲಿಲ್ಲ. ಪೀಠ ಕತ್ತರಿಸಿ ಗುರುತು ಹಾಕಿದ ಆ ಬಾಯಿಗಳನ್ನೇ ಎಮೆಶೆ ನರಜಾಲಕ್ಕೆ ಮತ್ತೆ ಪಾಠ ಮಾಡಿದಳು.

ಈಸ್ಟರ್‌ಗೆ ಒಂದು ವಾರವಿರುವಾಗ, ಕ್ಯಾಮೆರಾ ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದ ಮುದಿ ಡಾಕ್ಟರೊಬ್ಬ ಒಂದು ಅಳತೆ ಕಳಿಸಿದ. ಎಟೆಲ್ಕಾ ಕಿಟಕಿಯ ಬಳಿ ನಿಂತು ಪ್ಲಾಸ್ಟರ್ ಹೊಯ್ದು, ಬಿಡಿಸಿ, ಬೆನ್ನಿಗೆ ಕಚ್ಚು ಹಾಕಿದಳು.

"ಚಿಕ್ಕಮ್ಮ, ತಪ್ಪು ಜಾಗದಲ್ಲಿ ಹಾಕಿದ್ರಲ್ಲ!" ಅಂದಳು ಎಮೆಶೆ.

"ಗೊತ್ತು. ಪೀಠದ ಸಮೇತ ಏರಿಸು."

ದೆಜೋ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನರಜಾಲ ನಡುಗೆರೆ ಎಳೆಯಿತು. ಗೆರೆ ಸುಳ್ಳು ಕಚ್ಚಿನ ಹತ್ತಿರಕ್ಕೂ ಹೋಗದೆ, ಅಂಗುಳಿನ ಹೊಲಿಗೆಯ ಮೇಲೆ ನೇರ ಕೂತಿತು. ಆಮೇಲೆ ವಿಲ್ಲೋಳ ಬಾಯಿ ಕೊಟ್ಟರು. ಕೋರೆಹಲ್ಲು ಕೋರೆಹಲ್ಲಾಗಿಯೇ ಬಂತು. ಒಂದು ದವಡೆಹಲ್ಲಿನ ಓರೆ ಮಾತ್ರ ತುಸು ಹೆಚ್ಚಾಗಿತ್ತು.

"ಅದೊಂದು ತಪ್ಪಿದೆ," ಅಂದಳು ಎಟೆಲ್ಕಾ.

"ಇರ್ಲಿ ಬಿಡಿ, ಚಿಕ್ಕಮ್ಮ, ಇಷ್ಟು ಸರಿಯಾಗಿರೋವಾಗ," ಅಂದ ದೆಜೋ.

"ಇರ್ಲಿ ಬಿಡಿ ಅಂದ್ರೆ? ಕಚ್ಚೋದು ಅವ್ಳು, ನೀನಲ್ಲ."

ದೆಜೋ ನಕ್ಕುಬಿಟ್ಟ. ಪ್ಲಾಸ್ಟರ್ ಕೋಣೆಗೆ ಹೋಗಿ ಅವಳ ಹಳೆಯ ಕುರ್ಚಿಯನ್ನು ತಾನೇ ಎತ್ತಿಕೊಂಡು ಬಂದು ಪರದೆಯ ಮುಂದಿಟ್ಟ. ಎಟೆಲ್ಕಾ ಅದರ ಮೇಲಿನ ಬಿಳೀ ಧೂಳು ಕೊಡವಿ ಕೂತಳು, ಕನ್ನಡಕ ಏರಿಸಿದಳು, ಆ ದವಡೆಹಲ್ಲಿನ ಬುಡ ಹುಡುಕತೊಡಗಿದಳು.