ಮೂರನೇ ಬಟನ್

ಬಣ್ಣದಂಗಡಿ ಸಾಹುಕಾರರಿಗೆ ವ್ಯಾಪಾರದಲ್ಲಿ ಟೋಪಿ ಹಾಕಿದವರು ಇನ್ನೂ ಹುಟ್ಟಿರಲಿಲ್ಲ. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಬಣ್ಣ ಗಟ್ಟಿಕಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಅಂಥ ಮನುಷ್ಯ ಹಳೇ ಕಾರು ಕಂಡರೆ ಮಾತ್ರ ಹಾಲು ಕಂಡ ಬೆಕ್ಕು. ಯಾವ್ಯಾವುದೋ ಕಾರುಗಳಲ್ಲ. ಒಂದು ಕಾಲದಲ್ಲಿ ಹಿಂದಿನ ಸೀಟಿನಲ್ಲಿ ಕೂತವರು ಗಾಜು ಇಳಿಸದೆಯೇ ಊರನ್ನು ಆಳಿದಂಥವು. ತೊಗಲಿನ ಸೀಟು, ಮರದ ಡ್ಯಾಶ್‌ಬೋರ್ಡು, ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಸದ್ದು. ಈಗ ಯಾರದೋ ಹಿತ್ತಲಿನಲ್ಲಿ ಇಲಿಗಳ ಹೆರಿಗೆಮನೆಯಾಗಿ ನಿಂತಂಥವು.

ಅವನ್ನು ಎಳೆಸಿಕೊಂಡು ಬಂದು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಲ್ಲಿಸುತ್ತಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಗಲ್ಲಾಪೆಟ್ಟಿಗೆ ತಮ್ಮನ ಮಗನದು. ಸಾಹುಕಾರರು ಹಳೇ ಪ್ಯಾಂಟು ತೊಟ್ಟು ಶೆಡ್ಡಿಗಿಳಿದರೆ ಕತ್ತಲಾಗುವವರೆಗೆ ಅವರ ಕಾಲಷ್ಟೇ ಜಗತ್ತಿಗೆ ಕಾಣುತ್ತಿದ್ದದ್ದು. ಮಾರುವುದಕ್ಕೆ ಅಂತ ಮಾಡುತ್ತಿರಲಿಲ್ಲ, ಮೆರೆಯುವುದಕ್ಕೂ ಅಲ್ಲ. ಸತ್ತದ್ದು ಒಮ್ಮೆ ಉಸಿರಾಡಿದರೆ ಸಾಕು, ಅವರಿಗೆ ರಾತ್ರಿ ನಿದ್ದೆ ಬರುತ್ತಿತ್ತು.

ಹೆಂಡತಿ ಆ ಕಾರುಗಳಿಗೆ ಇಟ್ಟ ಹೆಸರು ಸವತಿಯರು.

“ದೊಡ್ಡವಳು ಹೊಗೆ ಉಗುಳ್ತಾಳೆ, ನಡುವಿನವಳು ಎಣ್ಣೆ ಕುಡೀತಾಳೆ. ಈಗ ಬಂದಿರೋ ಕಿರಿಯಳಿಗೆ ಏನು ರೋಗವಂತೆ?” ಎಂದು ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದಳು.

“ನರದ ತೊಂದರೆ ಕಣೇ. ವೈರಿಂಗೆಲ್ಲ ಇಲಿ ತಿಂದಿದೆ.”

“ನನ್ನ ನೋಡಿ ಕಲೀಲಿ. ಈ ಮನೆಗೆ ಬಂದಾಗಿನಿಂದ ಒಂದು ನಟ್ಟು ಬಿಗಿ ಮಾಡಿಸ್ಕೊಂಡಿದ್ದೀನಾ?”

“ನಿನ್ನ ಹಾರನ್ ಕೆಟ್ಟ ದಿನ ಹೇಳು, ಬಾನೆಟ್ ಎತ್ತಿ ನೋಡೋಣ.”

ಅವರ ಸಂಸಾರ ನಡೆದು ಬಂದದ್ದೇ ಹೀಗೆ. ಒಬ್ಬರು ಕಾರಿನಡಿ, ಒಬ್ಬರು ಬಾಗಿಲಲ್ಲಿ, ನಡುವೆ ಕುಚೋದ್ಯ. ಕುಚೋದ್ಯದಲ್ಲಿ ಒಂದು ಅನುಕೂಲವಿದೆ: ಅದರ ಮರೆಯಲ್ಲಿ ಏನನ್ನು ಬೇಕಾದರೂ ಬಚ್ಚಿಡಬಹುದು.

ಕಿರಿಯಳು ಕಡು ಹಸಿರು ಬಣ್ಣದ, ಉದ್ದ ಮೂತಿಯ ಕಾರು. ಊರಾಚೆಯ ದೊಡ್ಡ ಮನೆಯೊಂದರ ಯಜಮಾನರು ತೀರಿಕೊಂಡ ಮೇಲೆ ಅವರ ಸೊಸೆ ಅದನ್ನು ಗುಜರಿಗೆ ಹಾಕುವುದರಲ್ಲಿದ್ದಳು. ಸಾಹುಕಾರರು ಗುಜರಿಯವನಿಗಿಂತ ಒಂದು ಮಾತು ಮುಂದೆ ಹೋಗಿ ತಂದಿದ್ದರು. ಎಂಜಿನ್ನು ಬೇಗ ಮಾತು ಕೇಳಿತು. ಹಠ ಹಿಡಿದದ್ದು ಡ್ರೈವರ್ ಸೀಟು. ಅದರ ಕೆಳಗೆ ಒಂದು ರಾಶಿ ಮೋಟಾರು, ಅವನ್ನೆಲ್ಲ ಆಳುವ ಒಂದು ಕರಿ ಡಬ್ಬಿ, ಬಾಗಿಲಿನ ಮೇಲೆ ಒಂದು, ಎರಡು, ಮೂರು ಎಂದು ಬರೆದ ಬಟನ್ನುಗಳು. ಇದಕ್ಕೆಂದೇ ಕರೆಸಿದ ವೈರಿಂಗಿನವನು ಸೀಟಿನಡಿ ತಲೆ ತೂರಿಸಿ ಒಂದಿಡೀ ಮಧ್ಯಾಹ್ನ ಬೈಯುತ್ತಾ ಬೆಸುಗೆ ಹಾಕಿದ.

“ಇದಕ್ಕೆ ನೆನಪಿದೆ ಸಾಹುಕಾರ್ರೇ,” ಎಂದ ಮೇಲೆದ್ದು. “ಮೂರು ಜನರ ಅಳತೆ ಇಟ್ಕೊಂಡಿರುತ್ತೆ. ಅವರವರ ಬಟನ್ ಒತ್ತಿದ್ರೆ ಸೀಟೂ, ಹೊರಗಿನ ಕನ್ನಡೀನೂ ಅವರಿಗೆ ಬೇಕಾದ ಹಾಗೆ ತಾವೇ ತಿರುಗ್ತವೆ. ಬ್ಯಾಟರಿ ಸತ್ತರೂ ಇದಕ್ಕೆ ಮರೆವಿಲ್ಲ.”

“ನಮ್ಮನೆಯವಳ ಥರ ಅನ್ನು.”

ಒಂದನ್ನು ಒತ್ತಿದರು. ಮೋಟಾರು ಗುಂಯ್ಗುಟ್ಟಿತು. ಸೀಟು ಹಿಂದೆ ಸರಿದು ನೆಟ್ಟಗೆ ನಿಂತಿತು. ಕನ್ನಡಿಗಳು ರಸ್ತೆ ನೋಡುವ ಕಡೆ ತಿರುಗಿದವು. ಎತ್ತರದ ಆಳು, ಯಜಮಾನರೇ ಇರಬೇಕು. ಎರಡನ್ನು ಒತ್ತಿದರೆ ಸೀಟು ಮುಂದೆ ಬಂದು ಎತ್ತರವಾಯಿತು. ಕುಳ್ಳ ಡ್ರೈವರು. ಮೂರನ್ನು ಒತ್ತಿದರು.

ಸೀಟು ಹಿಂದೆ ಹೋಯಿತು. ಹೋಗುತ್ತಲೇ ಕೆಳಗಿಳಿಯಿತು. ಬೆನ್ನಿನ ಭಾಗ ನಿಧಾನವಾಗಿ ಒರಗುತ್ತಾ ಒರಗುತ್ತಾ, ಯಾರೋ ಸುಸ್ತಾದವರು ಮಲಗಿಕೊಂಡಂತೆ ನಿಂತಿತು. ಆಮೇಲೆ, ಎಲ್ಲ ಮುಗಿಯಿತು ಅಂದುಕೊಂಡಾಗ, ಡ್ರೈವರ್ ಕಡೆಯ ಕನ್ನಡಿ ಒಂದೇ ಕಿರ್ರೆಂದು ಹೊರಕ್ಕೂ ಮೇಲಕ್ಕೂ ಹೊರಳಿತು.

“ಇದ್ಯಾವ ಸೀಮೆ ಡ್ರೈವಿಂಗು? ಮಲ್ಕೊಂಡು ಕಾರು ಓಡಿಸ್ತಿದ್ರಾ?” ಎಂದು ವೈರಿಂಗಿನವನು ನಕ್ಕ. ನಗು ಅರ್ಧಕ್ಕೇ ನಿಂತಿತು. ಖಾಲಿ ಸೀಟನ್ನೇ ನೋಡುತ್ತಾ ಕೈ ಒರೆಸಿಕೊಂಡ. “ಯಾರೋ ಕೂತಿರೋ ಹಾಗಿದೆ, ಅಲ್ವಾ?” ಅಂದವನು ಚಹಾ ಬರುವವರೆಗೂ ಕಾಯದೆ ಹೊರಟ. ಚಹಾ ಬಿಟ್ಟು ಹೋಗುವ ಪೈಕಿ ಅಲ್ಲ ಅವನು.

ಸಾಹುಕಾರರು ದೆವ್ವಗಳನ್ನು ನಂಬುವವರಲ್ಲ. ದೆವ್ವಗಳು ಸಾಲ ಕೇಳುವುದಿಲ್ಲ, ಬಣ್ಣ ಕೊಳ್ಳುವುದೂ ಇಲ್ಲ. ಒಳಗೆ ಹೋಗಿ ಆ ಸೀಟಿನಲ್ಲಿ ಕೂತರು. ಕೂತದ್ದಲ್ಲ, ಅದೇ ಅವರನ್ನು ಮಲಗಿಸಿಕೊಂಡಿತು. ರಸ್ತೆಗೆ ಬೇಕಾದ ಯಾವುದೂ ಅಲ್ಲಿಂದ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಕನ್ನಡಿ ಒಂದೇ. ಕಾರಿನ ಮೂತಿ ಗೋಡೆಗೆ, ಹಿಂಭಾಗ ಅಂಗಳಕ್ಕೆ ಇದ್ದದ್ದರಿಂದ ಆ ಕನ್ನಡಿಯಲ್ಲಿ ಅವರದೇ ಮನೆಯ ಹೊರಮೆಟ್ಟಿಲು, ಅದರ ತುದಿಯಲ್ಲಿ ಮಹಡಿ ಕೋಣೆಯ ಕಿಟಕಿ, ಚೌಕಟ್ಟು ಹಾಕಿಸಿದ ಫೋಟೋದ ಹಾಗೆ ಕೂತಿದ್ದವು. ಹೆಂಡತಿಯ ಹೊಲಿಗೆ ಯಂತ್ರ ಇದ್ದದ್ದು ಆ ಕೋಣೆಯಲ್ಲಿ.

ಅಷ್ಟರಲ್ಲಿ ಅವಳೇ ಆ ಫೋಟೋದೊಳಕ್ಕೆ ಬಂದಳು. ಒಗೆದ ಬಟ್ಟೆಯ ಬುಟ್ಟಿ ಸೊಂಟದ ಮೇಲಿತ್ತು. ಒಂದೆರಡು ಮೆಟ್ಟಿಲು ಹತ್ತಿ ನಿಂತಳು. ಬುಟ್ಟಿಯನ್ನು ಕೆಳಗಿಟ್ಟಳು. ಕಂಬಿ ಹಿಡಿದು, ಬಾಯಿ ತೆರೆದು, ನೀರಿನಿಂದ ಮೇಲೆ ಬಂದವರ ಹಾಗೆ ಉಸಿರೆಳೆದಳು. ಆಮೇಲೆ ಶೆಡ್ಡಿನ ಕಡೆ ಒಮ್ಮೆ ನೋಡಿದಳು. ಕದ್ದವರು ಸುತ್ತ ನೋಡುವ ನೋಟ ಅದು. ಅಂಗಡಿಯಲ್ಲಿ ಸಾಹುಕಾರರಿಗೆ ಚೆನ್ನಾಗಿ ಪರಿಚಯವಿದ್ದದ್ದು. ಬುಟ್ಟಿ ಎತ್ತಿಕೊಂಡು ಮತ್ತೆ ಹತ್ತಿದಳು, ಮತ್ತೆ ನಿಂತಳು.

ಸ್ವಲ್ಪ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ಅದೇ ಹಾರನ್ನು. “ಕಿರಿಯಳು ಎದ್ದು ಕೂತಳೋ, ಇನ್ನೂ ನಾಚಿಕೆಯೋ?”

“ಎದ್ದಳು,” ಎಂದರು ಸಾಹುಕಾರರು. ಮುಂದೆ ಏನೋ ಕೇಳಬೇಕೆಂದು ಬಾಯಿ ತೆರೆದರು. “ಒಂದು ಬಟ್ಟೆ ಚೂರು ಕೊಡು, ಕೈಯೆಲ್ಲ ಗ್ರೀಸು,” ಎಂದಷ್ಟೇ ಬಂತು.

ಮರುದಿನವೂ ನೋಡಿದರು. ಅದರ ಮರುದಿನವೂ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವ ಚಂದ ನೋಡಿಯೇ ಅವನ ಜೇಬಿನ ತೂಕ ಹೇಳುವ ಮನುಷ್ಯ, ಮನೆಯ ಮೆಟ್ಟಿಲಲ್ಲಿ ಇಂಥದೊಂದು ನಡೆಯುತ್ತಿರುವುದನ್ನು ಇಷ್ಟು ದಿನ ಕಾಣದೆ ಹೋದದ್ದು ಹೇಗೆ? ಹೇಗೆಂದರೆ, ಕಾರಿನಡಿ ಮಲಗಿದವನಿಗೆ ಕಾರಿನ ಹೊಟ್ಟೆಯಷ್ಟೇ ಕಾಣುತ್ತದೆ.

ಕೇಳಬಹುದಿತ್ತು. ಆದರೆ ಕೇಳಿದರೆ ಅದು ನಿಜವಾಗುತ್ತದೆ. ವ್ಯಾಪಾರದಲ್ಲೂ ಅಷ್ಟೇ, ಬೆಲೆ ಕೇಳುವವರೆಗೆ ಯಾವ ಸರಕೂ ದುಬಾರಿಯಲ್ಲ. ಹಾಗಾಗಿ ಕೇಳಬೇಕಾದದ್ದನ್ನು ಬಿಟ್ಟು ಬೇರೆ ಕಡೆ ಕೇಳಲು ಹೋದರು. ಜಾಕಿನ ಹಿಡಿ ಸಿಗಲಿಲ್ಲ ಎಂಬ ನೆಪ ಮಾಡಿಕೊಂಡು ಕಿರಿಯಳ ತವರಿಗೆ ನಡೆದರು.

ಸೊಸೆ ಅಂಗಳ ತೋರಿಸಿದಳು. ಕಾರು ನಿಲ್ಲುತ್ತಿದ್ದ ಕಡೆ ಇನ್ನೂ ಎಣ್ಣೆಯ ಕಲೆಯಿತ್ತು. ಸಾಹುಕಾರರು ಆ ಕಲೆಯ ಮೇಲೆ ನಿಂತು ಹಿಂದಕ್ಕೆ ತಿರುಗಿ ತಲೆಯೆತ್ತಿದರು. ಮಹಡಿಯಲ್ಲಿ ಒಂದು ಕಿಟಕಿ.

“ಆ ಕೋಣೆ ಯಾರದಮ್ಮ?”

“ಅತ್ತೇದು,” ಎಂದಳು. ಪರರ ಮನೆಯ ವಿಷಯ ಹೇಳುವಷ್ಟು ತಣ್ಣಗೆ ಹೇಳುತ್ತಾ ಹೋದಳು. “ಅತ್ತೆ ಮಾವ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಯಾಕೆ ಬಿಟ್ರು ಅಂತ ಕೊನೆಕೊನೆಗೆ ಅವರಿಗೇ ನೆನಪಿತ್ತೋ ಇಲ್ವೋ. ಅತ್ತೆ ಮೇಲೆ, ಮಾವ ಕೆಳಗೆ. ಕಣ್ಣು ಮಂಜಾಗಿ ಮಾವ ಕಾರು ಓಡಿಸೋದು ನಿಲ್ಲಿಸಿದ್ರು, ಆದ್ರೂ ದಿನಾ ಸಂಜೆ ಹೋಗಿ ಅದರಲ್ಲಿ ಕೂರೋರು. ಪೇಪರ್ ಓದ್ತೀನಿ ಅನ್ನೋರು. ಪೇಪರ್ ಮಡಚಿದ ಹಾಗೇ ವಾಪಸ್ ಬರ್ತಿತ್ತು.”

“ಆಮೇಲೆ?”

“ನಾನು ತವರಿಗೆ ಹೋಗಿದ್ದೆ. ಬಂದು ನೋಡಿದ್ರೆ ಹಾಡುಹಗಲಲ್ಲಿ ಅತ್ತೆ ಕೋಣೇಲಿ ದೀಪ. ಹತ್ತಿ ಹೋದೆ. ಮೈ ಆಗಲೇ ಕಟ್ಟಿಗೆಯಾಗಿತ್ತು. ಮಾವ ಕೆಳಗೆ ಕಾರಲ್ಲೇ ಇದ್ರು. ‘ನಿನ್ನೆ ಸಂಜೆಯಿಂದಾನೂ ದೀಪ ಉರೀತಾನೇ ಇದೆಯಲ್ಲ, ಒಂದ್ಸಲ ಮೇಲೆ ಹೋಗಬಾರದಿತ್ತಾ’ ಅಂದೆ. ‘ದೀಪ ಉರೀತಿತ್ತಲ್ಲಮ್ಮ, ಚೆನ್ನಾಗಿದ್ದಾಳೆ ಅಂದ್ಕೊಂಡೆ’ ಅಂದ್ರು. ಅಷ್ಟೇ.” ಅವಳು ಸೆರಗಿನ ತುದಿ ಸರಿಮಾಡಿಕೊಂಡಳು. “ಜಾಕಿನ ಹಿಡಿ ಇಲ್ಲೆಲ್ಲೂ ಇಲ್ಲ, ನೋಡಿದೆ.”

ಇಷ್ಟು ಕೇಳಿದ ಮೇಲೆ ಯಾರೇ ಆದರೂ ನೆಟ್ಟಗೆ ಮನೆಗೆ ಬಂದು ಹೆಂಡತಿಯ ಕೈ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾರೆ ಎಂದು ನೀವು ಅಂದುಕೊಂಡಿರಬಹುದು. ಹಾಗೆ ಅಂದುಕೊಳ್ಳುವವರಿಗೆ ಗಂಡಸರ ಪರಿಚಯ ಕಡಿಮೆ. ಸಾಹುಕಾರರು ಮನೆಗೆ ಬಂದು ಶೆಡ್ಡಿಗಿಳಿದರು. ನಾಳೆ ಕೇಳಿದರಾಯಿತು, ಮೊದಲು ಇನ್ನೊಂದು ಸಲ ಸರಿಯಾಗಿ ನೋಡೋಣ ಎಂದು ಮೂರನೇ ಬಟನ್ ಒತ್ತಿದರು.

ನಾಳೆ ಎಂಬುದು ಆ ವಾರವೆಲ್ಲ ಮುಂದಕ್ಕೆ ಹೋಯಿತು. ಸ್ಪ್ಯಾನರು ಮುಟ್ಟಲಿಲ್ಲ. ಮಧ್ಯಾಹ್ನ ಬಂದವರು ಸೀಟಿನಲ್ಲಿ ಮಲಗಿ ಕನ್ನಡಿ ನೋಡುವುದೇ ಕೆಲಸವಾಯಿತು. ಮೊದಲ ದಿನ, ಆ ಮುದುಕ ಕಿಟಕಿ ನೋಡುವುದಕ್ಕೆಂದೇ ಹೊಂದಿಸಿಟ್ಟ ಸೀಟು ಅವರ ಬೆನ್ನಿಗೆ ಚುಚ್ಚಿತ್ತು; ಈಗ ದರ್ಜಿ ಅಳತೆ ತೆಗೆದು ಹೊಲಿದಂತೆ ಕೂಡುತ್ತಿತ್ತು. ತಲೆ ಇಡುವ ಕಡೆ ತೊಗಲಿನಲ್ಲಿ ಬೇರೊಬ್ಬರ ತಲೆಯ ತಗ್ಗಿತ್ತು. ಅದರಲ್ಲಿ ತಮ್ಮ ತಲೆ ಸರಿಯಾಗಿ ಕೂತದ್ದು ಗೊತ್ತಾಯಿತು. ಆದರೂ ಏಳಲಿಲ್ಲ. ಎದೆಯ ಮೇಲೆ ಮಡಚಿದ ಪೇಪರು ಬೇರೆ. ಅದನ್ನು ಯಾವಾಗ ತಂದಿಟ್ಟುಕೊಂಡರೋ ಅವರಿಗೇ ನೆನಪಿಲ್ಲ.

ಒಂದು ಸಂಜೆ ಅವಳು ಬುಟ್ಟಿಯಿಲ್ಲದೆ ಹತ್ತಿದಳು. ಬರಿಗೈಯಲ್ಲೂ ಮೆಟ್ಟಿಲಿಗೊಮ್ಮೆ ನಿಂತಳು. ತಿರುವಿನಲ್ಲಿ ಕೂತೇಬಿಟ್ಟಳು. ಎದ್ದು ಒಳಗೆ ಹೋದಳು. ಇನ್ನೂ ಬಿಸಿಲು ಇರುವಾಗಲೇ ಕಿಟಕಿಯಲ್ಲಿ ದೀಪ ಹತ್ತಿತು.

ಸಾಹುಕಾರರು ನೋಡಿದರು. ಹೊಲಿಗೆ ಯಂತ್ರದ ಸದ್ದಿಲ್ಲ. ಕಿಟಕಿಯಲ್ಲಿ ನೆರಳಾಡಲಿಲ್ಲ. ಬಿಸಿಲು ಗೋಡೆಯಿಂದ ಇಳಿಯಿತು, ಅಂಗಳ ಬೂದಿ ಬಣ್ಣಕ್ಕೆ ಬಂತು, ಕಿಟಕಿಯ ಹಳದಿ ಇನ್ನಷ್ಟು ಹಳದಿಯಾಯಿತು. ಆಗ ಕಾರಿನೊಳಗೆ ಯಾರೋ ಸಮಾಧಾನದ ದನಿಯಲ್ಲಿ ಅಂದರು:

“ದೀಪ ಉರೀತಿದೆಯಲ್ಲ.”

ಅಂದದ್ದು ಅವರದೇ ಬಾಯಿ.

ಬಾಗಿಲು ತೆಗೆದದ್ದು, ಅಂಗಳ ದಾಟಿದ್ದು ನೆನಪಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಒಂದು ಕಳಚಿ ಬಿತ್ತು. ಕೋಣೆಯ ಬಾಗಿಲು ದೂಡಿದರು.

ಅವಳು ಕಿಟಕಿಯ ಪಕ್ಕ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಕಣ್ಣುಗಳು ಮಾತ್ರ ತೆರೆದಿದ್ದವು.

“ಬಂದ್ರಾ?” ಅಂದಳು.

“ಏನಾಯ್ತೇ? ಯಾಕೆ ಕೂಗಲಿಲ್ಲ? ಹಾರನ್ ಎಲ್ಲಿ ಹೋಯ್ತು ನಿಂದು?”

“ಕೂಗೋಕೆ ಉಸಿರು ಬೇಕಲ್ರೀ. ದೀಪ ಹಾಕಿದೆ.” ಮಾತಿಗೊಮ್ಮೆ ನಿಲ್ಲುತ್ತಿದ್ದಳು. “ಎಷ್ಟೊತ್ತು… ಆ ಕನ್ನಡೀಲಿ ನೋಡ್ತಾ ಮಲಗಿದ್ರಿ.”

“ನಿನಗೆ… ಗೊತ್ತಾ?”

“ನಿಮಗೆ ನಾನು ಕಂಡ್ರೆ, ನನಗೆ ನೀವು ಕಾಣಲ್ವಾ? ಕನ್ನಡಿ ಏನು ಒಬ್ಬರಿಗೇ ಬರೆದುಕೊಟ್ಟಿದೆಯಾ? ವಾರದಿಂದ ಮೆಟ್ಟಿಲ ಮೇಲೆ ನಿಂತಾಗೆಲ್ಲ ಆ ಕನ್ನಡೀಲಿ ನಿಮ್ಮ ಮುಖಾನೇ. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ನಾನೂ ನೋಡ್ತಾನೇ ಇದ್ದೆ.”

“ಮೊದಲೇ ಹೇಳಬಾರದಿತ್ತಾ?”

“ಹೇಳಿದ್ರೆ ರಿಪೇರಿಗೆ ಹಾಕ್ತಿದ್ರಿ. ನೀವು ರಿಪೇರಿಗೆ ಹಾಕಿದ್ದು ಯಾವುದು ಬೇಗ ಹೊರಗೆ ಬಂದಿದೆ?”

ಶೆಡ್ಡಿನಲ್ಲಿ ಮೂರು ಮಹಾರಾಣಿಯರು ನಿಂತಿದ್ದರು. ಒಬ್ಬಳಿಗೆ ಟೈರಿಲ್ಲ, ಒಬ್ಬಳಿಗೆ ಬ್ರೇಕಿಲ್ಲ, ಕಿರಿಯಳು ಹೊರಡುವ ಸ್ಥಿತಿಯಲ್ಲಿದ್ದರೂ ಆ ಸೀಟಿನಲ್ಲಿ ಮತ್ತೆ ಕೂರುವ ಧೈರ್ಯ ಸಾಹುಕಾರರಿಗಿಲ್ಲ. ಕಡೆಗೆ ಬೀದಿಯ ತುದಿಯಿಂದ ಬಾಡಿಗೆ ಗಾಡಿ ಬಂತು. ಹೆಂಡತಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಇಳಿದರು. ಅವಳು ಇಷ್ಟು ಹಗುರವಾದದ್ದು ಯಾವಾಗ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ದಾರಿಯಲ್ಲಿ, ಮೌನ ತಡೆಯಲಾರದೆ, ಆ ದೊಡ್ಡ ಮನೆಯ ಕಥೆಯನ್ನು ಹೇಳಿಬಿಟ್ಟರು. ಮಹಡಿಯ ಅತ್ತೆ, ಕಾರಿನ ಮಾವ, ಹಗಲಲ್ಲಿ ಉರಿದ ದೀಪ. ಅವಳು ಅವರ ಭುಜಕ್ಕೆ ತಲೆಯಿಟ್ಟು ಕೇಳಿದಳು.

“ಆಯಮ್ಮನಿಗೂ ಅವರು ಕಂಡಿರ್ತಾರೆ ರೀ,” ಅಂದಳು ಆಮೇಲೆ. “ಕೆಳಗಿನ ಕನ್ನಡೀಲಿ ಮುಖ ಕಾಣದೆ, ಯಾರಿಗೆ ಅಂತ ದೀಪ ಹಾಕ್ತಾಳೆ?”

ಸಾಹುಕಾರರು ಕಿಟಕಿಯ ಗಾಜನ್ನು ಇಳಿಸಿದರು.

ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿದರು, ಮತ್ತೊಮ್ಮೆ ಕೇಳಿದರು, ಹುಬ್ಬು ಗಂಟಿಕ್ಕಿದರು. “ಯಾವಾಗಿನಿಂದ ಹೀಗಾಗ್ತಿದೆ ಅಮ್ಮ?”

“ಇವರನ್ನೇ ಕೇಳಿ,” ಎಂದಳು. “ನೋಡ್ತಿದ್ದವರು ಇವರು.”

ಸಾಹುಕಾರರು ಹೇಳಿದರು. ಮೊದಲು ಬುಟ್ಟಿ ಇದ್ದರೆ ಮಾತ್ರ ನಿಲ್ಲುತ್ತಿದ್ದದ್ದು, ಆಮೇಲೆ ಇಲ್ಲದಿದ್ದರೂ ನಿಂತದ್ದು. ಕಂಬಿಯನ್ನು ಬಲಗೈಯಿಂದ ಹಿಡಿಯುತ್ತಿದ್ದವಳು ಎರಡೂ ಕೈಯಲ್ಲಿ ಹಿಡಿಯತೊಡಗಿದ್ದು. ಇಳಿಯುವಾಗ ಕಾಲು ಊದಿದವರ ಹಾಗೆ ಪಾದವನ್ನು ಅಡ್ಡ ಇಡುವುದು. ನಿಂತಾಗಲೆಲ್ಲ ಶೆಡ್ಡಿನ ಕಡೆ ನೋಡುವುದು. ಹೇಳುತ್ತಾ ಹೋದಂತೆ ಅವರ ದನಿ ಇಳಿಯಿತು. ಡಾಕ್ಟರು ಪೆನ್ನು ನಿಲ್ಲಿಸಿ ತಲೆಯೆತ್ತಿದರು.

“ಇಷ್ಟೆಲ್ಲ ಗಮನಿಸಿದವರು ಆವತ್ತೇ ಕರ್ಕೊಂಡು ಬರಬಾರದಿತ್ತಾ?”

ಸಾಹುಕಾರರು ತಮ್ಮ ಒಂಟಿ ಚಪ್ಪಲಿಯನ್ನು ನೋಡುತ್ತಾ ನಿಂತರು.

“ಬಂದ್ರಲ್ಲ ಡಾಕ್ಟ್ರೇ,” ಎಂದಳು ಅವಳು ಮೇಜಿನ ಮೇಲಿಂದಲೇ. “ಮೇಲೆ ಹತ್ತೋದಕ್ಕೆ ಸ್ವಲ್ಪ ಹೊತ್ತು ಹಿಡೀತು, ಅಷ್ಟೇ. ಅವರ ಗಾಡಿ ಹಳೇದು.”

ಹೃದಯದ ಕವಾಟ ಕೆಟ್ಟಿದೆ, ದೊಡ್ಡಾಸ್ಪತ್ರೆಗೆ ಈಗಲೇ ಹೋಗಬೇಕು, ಉಳಿದದ್ದು ಅಲ್ಲಿಯವರು ನೋಡಿ ಹೇಳಬೇಕು ಎಂದರು ಡಾಕ್ಟರು. ದೊಡ್ಡಾಸ್ಪತ್ರೆಯ ಬಾಗಿಲಿಗೆ ಗಾಲಿಮಂಚ ಬಂತು. ಓಣಿಯಂಥ ಉದ್ದನೆಯ ಮೊಗಸಾಲೆಯಲ್ಲಿ ಅದನ್ನು ತಳ್ಳಿಕೊಂಡು ಹೊರಟರು. ತಳ್ಳುವವರಿಗೆ ಅಡ್ಡವಾಗಬಾರದೆಂದು ಸಾಹುಕಾರರು ನಾಲ್ಕು ಹೆಜ್ಜೆ ಹಿಂದೆ, ಅವಳ ತಲೆಯ ಮೇಲೆ ಕಣ್ಣಿಟ್ಟು ನಡೆದರು.

ಮಂಚದಿಂದ ಒಂದು ಕೈ ಮೇಲೆದ್ದು ಗಾಳಿಯಲ್ಲಿ ತಡಕಾಡಿತು.

“ಹಿಂದೆ ನಿಂತು ನೋಡಿದ್ದು ಸಾಕು,” ಎಂದಿತು ಮಂಚದ ಮೇಲಿನ ದನಿ. “ಪಕ್ಕಕ್ಕೆ ಬನ್ನಿ. ಇಲ್ಲಿ ಕನ್ನಡಿ ಇಲ್ಲ, ನೀವು ಕಾಣ್ತಿಲ್ಲ ನನಗೆ.”