ಸ್ಟ್ರೆಂತಿನಿಂದ ಸ್ಟ್ರೆಂತಿಗೆ

ಶಾಲೆಯ ಟೈಪ್‌ರೈಟರಿನಲ್ಲಿ ಐದರ ಅಂಕಿ ಮಾತ್ರ ಸಾಲಿಗಿಂತ ಕೂದಲೆಳೆಯಷ್ಟು ಮೇಲೆ ಬೀಳುತ್ತಿತ್ತು. ಹಾಗಾಗಿ ಇನ್‌ಸ್ಪೆಕ್ಟರು ವಾರ್ಷಿಕ ವರದಿಯನ್ನು ನನ್ನ ಕಡೆ ತಿರುಗಿಸಿ ಹಿಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಎರಡು ಐದುಗಳು: 52ರದ್ದು ಒಂದು, 35ರದ್ದು ಒಂದು. ವರದಿ ಬರೆದವಳು ನಾನು. ಅದರಲ್ಲಿ ನಾನು ಒಂದು ಅಂಕಿಯನ್ನೂ ಬರೆದಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ತುಮಕೂರಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಹುದ್ದೆ ತಾತ್ಕಾಲಿಕ. ಎಂಟನೇ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹುದ್ದೆ ಹೋದರೆ ಕುಣಿಗಲ್ಲಿನ ಸೋದರತ್ತೆ ನೋಡಿಟ್ಟಿದ್ದ ಗಂಡಿಗೆ ಹೂಂ ಅನ್ನಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆತನ ಬಗ್ಗೆ ನನಗೆ ಆಕ್ಷೇಪಣೆ ಏನೂ ಇರಲಿಲ್ಲ; ಪರಿಚಯವೇ ಇರಲಿಲ್ಲ. ಪಾಠ ಮಾಡುವುದು ಮಾತ್ರ ನನಗೆ ಬೇಕಾಗಿತ್ತು.

ಆ ಜೂನ್‌ನಲ್ಲಿ ಒಂಬತ್ತನೇ ತರಗತಿಯವರಿಗೆ 'ಫ್ರಂ ಟ್ರೀ ಟು ಟ್ರೀ', 'ಫ್ರಂ ಹ್ಯಾಂಡ್ ಟು ಹ್ಯಾಂಡ್' ಎಂಬಂಥ ಪ್ರಯೋಗಗಳನ್ನು ಹೇಳಿಕೊಡುತ್ತಿದ್ದೆ. ಒಂದೇ ನಾಮಪದ ಹೀಗೆ ಎರಡು ಸಲ ಬಂದಾಗ ಇಂಗ್ಲಿಷು ಅದರ ಹಿಂದಿನ 'ಎ', 'ದಿ'ಗಳನ್ನು ಬಿಟ್ಟುಬಿಡುತ್ತದೆ. ಯಾವ ಮರ ಎಂದು ಕೇಳುವ ಹಾಗಿಲ್ಲ, ಚಲನೆಯಷ್ಟೇ ಮುಖ್ಯ ಎಂದೆ.

"ಮಿಸ್, ಮರದಿಂದ ಮರಕ್ಕೆ ಅಂದ್ರೆ ಅದೇ ಮರಕ್ಕಾ?" ಮುಂದಿನ ಬೆಂಚಿನವಳು ಕೇಳಿದಳು.

"ಅದೇ ಮರಕ್ಕೆ ಹಾರೋಕೆ ಕೋತಿ ಏನ್ ನಿನ್ನಂಗೆ ದಡ್ಡೀನಾ, ಸುಮ್ನಿರೇ," ಎಂದಳು ಪಕ್ಕದವಳು.

ನನ್ನ ವಿವರಣೆಗಿಂತ ಅದು ಚೆನ್ನಾಗಿತ್ತು.

ಅದೇ ವಾರ ಶಾಲೆಯ ಕಾರ್ಯದರ್ಶಿಗಳು ಕರೆದರು. ಅವರು ತೆಂಗಿನಕಾಯಿ ಮಂಡಿಯ ಯಜಮಾನರು. "ಇನ್‌ಸ್ಪೆಕ್ಟರು ಬರ್ತಾವ್ರೆ ಕಣಮ್ಮ. ಇಂಗ್ಲಿಷಲ್ಲಿ ಗತ್ತಾಗಿ ಒಂದ್ ರಿಪೋರ್ಟ್ ಬರ್ಕೊಡಿ. ನಂಬರ್ ಗಿಂಬರ್ ಬ್ಯಾಡ."

ಯಾಕೆ ಬೇಡವೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಎಂಟನೇ ತರಗತಿಯಲ್ಲಿ ಐವತ್ತೆರಡು ಹುಡುಗಿಯರಿದ್ದರು, ಈ ವರ್ಷ ಸೇರಿದವರು ಮೂವತ್ತೈದು. ಚೇಳೂರು ಕಡೆಯವರು ಏಳನೇ ತರಗತಿ ಆದಮೇಲೆ ಹೆಣ್ಣುಮಕ್ಕಳನ್ನು ಒಂಟಿಯಾಗಿ ಬಸ್ಸು ಹತ್ತಿಸಲು ಹಿಂದೇಟು ಹಾಕುತ್ತಿದ್ದರು. ನಾನು ಬರೆದೆ: ನಮ್ಮ ಶಾಲೆ 'ಫ್ರಂ ಸ್ಟ್ರೆಂತ್ ಟು ಸ್ಟ್ರೆಂತ್' ಸಾಗುತ್ತಿದೆ. ದಿನದಿಂದ ದಿನಕ್ಕೆ ಏಳಿಗೆ ಕಾಣುತ್ತಿದೆ ಎಂದು ಅರ್ಥ. ಕೆಡುವುದನ್ನು ಹೇಳುವಾಗ ಇಂಗ್ಲಿಷಿನವರು 'ಫ್ರಂ ಬ್ಯಾಡ್ ಟು ವರ್ಸ್' ಎಂದು ಎರಡು ಬೇರೆ ಮಾತು ಬಳಸಿ ಸಿಕ್ಕಿಬೀಳುತ್ತಾರೆ. ಇಲ್ಲಿ ಎರಡೂ ಕಡೆ ಒಂದೇ ಮಾತು. ಎಲ್ಲಿಂದ, ಎಲ್ಲಿಗೆ, ಎಷ್ಟು ಎಂದು ಯಾರೂ ಹಿಡಿಯಲಾರರು. ಬರೆದು ಸ್ವಲ್ಪ ಹೆಮ್ಮೆಯನ್ನೂ ಪಟ್ಟೆ.

ನಮ್ಮ ಶಾಲೆಗಳಲ್ಲಿ ಸ್ಟ್ರೆಂತ್ ಎಂದರೆ ಬಲವಲ್ಲ, ತಲೆ ಲೆಕ್ಕ ಎಂಬುದನ್ನು ಮರೆತಿದ್ದೆ. "ನಿಮ್ ಕ್ಲಾಸಿನ ಸ್ಟ್ರೆಂತ್ ಎಷ್ಟು ಮಿಸ್?" ಎಂದು ನೀರು ತುಂಬಿಸುವ ಆಯಾ ಕೂಡ ಕೇಳುತ್ತಿದ್ದಳು. ವರದಿ ಟೈಪು ಮಾಡಿದ ಗುಮಾಸ್ತರಂತೂ ಬಹಳ ಜಾಗರೂಕ ಮನುಷ್ಯ.

"ಫ್ರಂ ಸ್ಟ್ರೆಂತ್ ಐವತ್ತೆರಡು ಟು ಸ್ಟ್ರೆಂತ್ ಮೂವತ್ತೈದು," ಎಂದು ಶನಿವಾರ ಇನ್‌ಸ್ಪೆಕ್ಟರು ಗಟ್ಟಿಯಾಗಿ ಓದಿದರು. "ಏನ್ ಸ್ವಾಮಿ, ಏಳಿಗೆ ಅಂದ್ರೆ ಹಿಂಗಿರ್ಬೇಕು ನೋಡಿ! ಇಷ್ಟು ಪ್ರಾಮಾಣಿಕವಾದ ರಿಪೋರ್ಟು ನನ್ನ ಸರ್ವಿಸ್‌ನಲ್ಲೇ ನೋಡಿಲ್ಲ."

ಕಾರ್ಯದರ್ಶಿಗಳು ನನ್ನನ್ನು ನೋಡಿದರು. ನಾನು ಗುಮಾಸ್ತರನ್ನು ನೋಡಿದೆ.

"ಮೇಡಮ್ಮೋರು ಎರಡ್ ಕಡೇನೂ ನಂಬರ್ ಹಾಕೋದು ಮರ್ತಿದ್ರು ಸಾರ್," ಎಂದರು ಗುಮಾಸ್ತರು, ವಿನಯದಿಂದ. "ರಿಜಿಸ್ಟರ್ ನೋಡ್ಕೊಂಡು ನಾನೇ ತುಂಬ್ದೆ."

ಇನ್‌ಸ್ಪೆಕ್ಟರು ಚೆನ್ನಾಗಿ ನಕ್ಕರು. ನಕ್ಕು ಮುಗಿದ ಮೇಲೆ, ಸೇರಿಸಿಕೊಳ್ಳಲು ಇನ್ನು ಹತ್ತು ದಿನವಿದೆ, ಅಷ್ಟರಲ್ಲಿ ನಲವತ್ತಾಗದಿದ್ದರೆ ಈ ಹುದ್ದೆ ರದ್ದು ಎಂದು ಬರೆದು ಸಹಿ ಹಾಕಿದರು. ಆ ವಾಕ್ಯದಲ್ಲಿ ಯಾವ ಅಲಂಕಾರವೂ ಇರಲಿಲ್ಲ.

ಹೊರಗೆ ಬಂದಾಗ ಗುಮಾಸ್ತರು ಸಮಾಧಾನ ಹೇಳಿದರು. "ಬೇಜಾರ್ ಮಾಡ್ಕೊಬೇಡಿ ಮೇಡಮ್ಮೋರೆ. ಖಾಲಿ ಬಿಟ್ಟಿದ್ರೆ ನಿಮಗೆ ಇಂಗ್ಲಿಷ್ ಬರಲ್ಲ ಅನ್ಕೊಳ್ಳೋರು."

ನಾನು ಥ್ಯಾಂಕ್ಸ್ ಹೇಳಿದೆ.

ಮರುದಿನ ಬೆಳಿಗ್ಗೆ ಐದು ಅರ್ಜಿಗಳನ್ನು ಬ್ಯಾಗಿಗೆ ಹಾಕಿಕೊಂಡು, ಗುಬ್ಬಿಯಲ್ಲಿ ಬಸ್ಸು ಬದಲಿಸಿ ಚೇಳೂರಿಗೆ ಹೋದೆ. ಗುರುತಿಲ್ಲದವರನ್ನು ನಾನಾಗಿ ಮಾತಾಡಿಸಿದ್ದು ಅದೇ ಮೊದಲು. ಮೊದಲ ಮನೆಯ ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಅಜ್ಜಿ ನನ್ನ ಕೈಯ ಕಾಗದ ನೋಡಿ ಮೊರ ಕೆಳಗಿಟ್ಟಳು.

"ಫ್ಯಾಮಿಲಿ ಪ್ಲಾನಿಂಗ್‌ನೋಳಾ? ಓಗವ್ವ, ನಮ್ಮನೇಲಿ ಎಲ್ಲಾರ್ದೂ ಆಗೋಗೈತೆ."

"ಅಲ್ಲಜ್ಜಿ, ಇಸ್ಕೂಲಿಂದ ಬಂದಿದೀನಿ. ಏಳನೇ ಕ್ಲಾಸ್ ಪಾಸಾದ ಹೆಣ್ಮಕ್ಕಳು ಇದಾರಾ ಅಂತ."

"ಮೊಮ್ಮಗಳವ್ಳೆ. ಪಾಸೂ ಆಗವ್ಳೆ. ಬಸ್ಸಲ್ಲಿ ಅವಳ್ ಜೊತೆ ಯಾರೋಯ್ತಾರೆ, ನೀನೋಯ್ತೀಯಾ?"

ತುಮಕೂರಿನಿಂದ ಬರುವಾಗ ಗುಬ್ಬಿ ಮೊದಲು ಸಿಗುತ್ತದೆ, ಚೇಳೂರು ಇನ್ನೂ ಮುಂದೆ. ಹೂಂ ಎಂದರೆ ದಿನವೂ ಶಾಲೆಯನ್ನು ದಾಟಿ ಇಲ್ಲಿಯವರೆಗೆ ಬಂದು, ಹುಡುಗಿಯನ್ನು ಕರೆದುಕೊಂಡು, ಮತ್ತೆ ಶಾಲೆಗೆ ಹಿಂದಿರುಗಬೇಕು.

"ಹೂಂ, ಹೋಗ್ತೀನಿ," ಎಂದೆ.

ಅಜ್ಜಿ ಸರಿದು ಜಗಲಿಯ ಮೇಲೆ ಜಾಗ ಮಾಡಿಕೊಟ್ಟಳು. ಕೂತು, ಪೆನ್ನು ತೆಗೆದು, ಮೊಮ್ಮಗಳ ಹೆಸರು ಕೇಳಿದೆ.